ಸೈಕಲ್ ಸ್ಟ್ಯಾಂಡ್ ಕೇಳಿದವರ ನಾಟಕ

ಪ್ರೀತಿಯ ಗೆಳೆಯ,

ಡೆಲಿವರಿ ಹುಡುಗರ ಬಗ್ಗೆ ನೀನು ಬರೆದ ಬೀದಿನಾಟಕ ಓದಿ ಮುಗಿಸಿದೆ. ಮುದುಕನಿಗೆ ಕಷ್ಟವಾದೀತೆಂದು ಹಿಂದಿ ಪ್ರತಿಯ ಜೊತೆಗೆ ಕನ್ನಡದ್ದನ್ನೂ ಕಳಿಸಿದ್ದೀಯ. ಅಂಥ ಕಷ್ಟವೇನೂ ಆಗಲಿಲ್ಲ, ದೂರದರ್ಶನ ಕಲಿಸಿದ ಹಿಂದಿ ಇನ್ನೂ ಅಷ್ಟಿಷ್ಟು ಉಳಿದಿದೆ. ಜೋರಾಗಿ ಓದಿದರೆ ಮುಕ್ಕಾಲು ಗಂಟೆ ದಾಟುತ್ತದೆ. ನೊಯಿಡಾದ ರಸ್ತೆ ಬದಿಯಲ್ಲಿ, ಮುಂದಿನ ಆರ್ಡರಿಗೆ ಕಾಯುತ್ತ ನಿಂತ ಡೆಲಿವರಿ ಹುಡುಗರ ಎದುರು ಆಡುತ್ತೇವೆ ಎಂದು ಬರೆದಿದ್ದೀಯ. ಅವರಿಗೆ ಮುಕ್ಕಾಲು ಗಂಟೆ ಪುರುಸೊತ್ತು ಯಾರು ಕೊಡುತ್ತಾರೆ ಮಾರಾಯ?

ಉದ್ದದ ಮಾತು ಆಮೇಲೆ ಆಡೋಣ. ಮೊದಲು ನಿನ್ನ ನಾಟಕದ ಮಾಲೀಕನ ವಿಚಾರ. ಕೋಟು, ಸಿಗಾರು, ಮಾತುಮಾತಿಗೆ ಅಟ್ಟಹಾಸ. ನಿನ್ನ ಹುಡುಗರು ಇಂಥವನನ್ನು ಎಲ್ಲಿ ನೋಡಿದ್ದಾರೆ? ಅವರು ಕಂಡಿರುವುದು ಒಂದು ಆ್ಯಪ್, ಅದರಲ್ಲಿ ಐದು ನಕ್ಷತ್ರ, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬ್ಲಾಕ್ ಆದ ಐಡಿ. ಫೋನ್ ಮಾಡಿದರೆ ಎತ್ತುವವರಿಲ್ಲ. ಮುಖವೇ ಇಲ್ಲದ ಯಜಮಾನ ಎಂಬುದೇ ಈ ಕೆಲಸದ ಹೊಸ ಸಂಕಟ. ನೀನೋ ಅವನಿಗೆ ಮುಖ ಬರೆದು ಮೀಸೆಯನ್ನೂ ಅಂಟಿಸಿಬಿಟ್ಟಿದ್ದೀಯ. ನೋಡುವವರು ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ತಮ್ಮ ಯಜಮಾನ ಇವನಲ್ಲವಲ್ಲ ಎಂದು ಗಾಡಿ ಹತ್ತಿ ಹೋಗುತ್ತಾರೆ.

ನಾಲ್ಕನೇ ಪುಟದಲ್ಲಿ ಒಬ್ಬ ಹುಡುಗ ಒಂದು ಮಾತು ಆಡಿ ಸುಮ್ಮನಾಗುತ್ತಾನೆ. ದಿನವಿಡೀ ಹತ್ತಾರು ಮನೆಗೆ ಊಟ ಮುಟ್ಟಿಸುವ ನನಗೆ ಫೋನ್ ಚಾರ್ಜ್ ಮಾಡಲು ಒಂದು ಪ್ಲಗ್ಗಿಲ್ಲ, ಉಚ್ಚೆ ಹೊಯ್ಯಲು ಒಂದು ಜಾಗವಿಲ್ಲ ಅನ್ನುತ್ತಾನೆ. ಮರುಕ್ಷಣ ನೀನು ಕೋರಸ್ ತಂದು ಜಾಗತೀಕರಣದ ಮೇಲೆ ಹಾಡಿಸಿಬಿಟ್ಟೆ. ನಿನ್ನ ನಾಟಕ ಇರುವುದು ಆ ಒಂದು ಮಾತಿನಲ್ಲಿ. ಯಾಕೆ ಎಂದು ಹೇಳಲು ನಿನ್ನದೇ ಊರಾಗಿರುವ ದೆಹಲಿಯ ಕಥೆ ಹೇಳಬೇಕು. ನಿನ್ನ ತಂಡದ ಹಿರಿಯರಿಗೆ ಇದು ಗೊತ್ತೇ ಇರುತ್ತದೆ, ಆದರೂ ಬರೆಯುವವನ ಕಣ್ಣಿನಿಂದ ಇನ್ನೊಮ್ಮೆ ನೋಡು.

ದೆಹಲಿಯ ನಾಟಕ ತಂಡ ಜನ ನಾಟ್ಯ ಮಂಚ್, ಎಲ್ಲರ ಬಾಯಲ್ಲಿ ‘ಜನಮ್’, ಶುರುವಾದದ್ದು 1973ರಲ್ಲಿ. ಆಗ ಅವರು ಬೀದಿನಾಟಕದವರಲ್ಲ. ದೊಡ್ಡ ವೇದಿಕೆ ಕಟ್ಟಿ, ದೀಪ ಹಾಕಿ, ಬಯಲಲ್ಲಿ ಸಾವಿರಾರು ಜನರೆದುರು ಪೂರ್ಣ ಪ್ರಮಾಣದ ನಾಟಕ ಆಡುತ್ತಿದ್ದರು. ತುರ್ತು ಪರಿಸ್ಥಿತಿ ಮುಗಿದ ಮೇಲೆ ನೋಡಿದರೆ ಕರೆಸುವ ಕಾರ್ಮಿಕ ಸಂಘಗಳ ಕೈ ಖಾಲಿ. ದೊಡ್ಡ ನಾಟಕಕ್ಕೆ ದುಡ್ಡಿಲ್ಲದಿದ್ದರೆ ದುಡ್ಡೇ ಬೇಡದ ಸಣ್ಣ ನಾಟಕ ಮಾಡೋಣ ಎಂದು ಹೊರಟರು. ಬೀದಿನಾಟಕವನ್ನು ಈಗ ದೊಡ್ಡ ಸಿದ್ಧಾಂತದಿಂದ ಹುಟ್ಟಿದ್ದು ಎನ್ನುವ ಹಾಗೆ ಸೆಮಿನಾರುಗಳಲ್ಲಿ ವಿವರಿಸುತ್ತಾರೆ. ದೆಹಲಿಯಲ್ಲಿ ಅದು ಹುಟ್ಟಿದ್ದು ಜೇಬು ಬರಿದಾದಾಗ.

ಆ ಹೊತ್ತಿಗೆ ದೆಹಲಿ ಪಕ್ಕದ ಗಾಜಿಯಾಬಾದಿನ ಒಂದು ಕಾರ್ಖಾನೆಯ ಸುದ್ದಿ ಅವರ ಕಿವಿಗೆ ಬಿತ್ತು. ಕಾರ್ಮಿಕರು ಕೇಳಿದ್ದು ಎರಡೇ: ಸೈಕಲ್ ನಿಲ್ಲಿಸಲು ಒಂದು ಸ್ಟ್ಯಾಂಡು, ಚಹಾ ಕುಡಿಯಲು ಒಂದು ಕ್ಯಾಂಟೀನು. ಆಡಳಿತ ಒಪ್ಪಲಿಲ್ಲ. ಮುಷ್ಕರವಾಯಿತು, ಕಾವಲುಗಾರರು ಗುಂಡು ಹಾರಿಸಿದರು, ಆರು ಮಂದಿ ಸತ್ತರು. ತಂಡದ ಸಫ್ದರ್ ಹಾಶ್ಮಿ ಮತ್ತು ರಾಕೇಶ್ ಸಕ್ಸೇನಾ ಸೇರಿ ಇದನ್ನು ‘ಮಷೀನ್’ ಎಂಬ ನಾಟಕ ಮಾಡಿದರು. 1978ರ ಅಕ್ಟೋಬರಿನಲ್ಲಿ ಮೊದಲ ಪ್ರದರ್ಶನ. ಇಡೀ ನಾಟಕ ಸುಮಾರು ಹದಿಮೂರು ನಿಮಿಷ.

ಹದಿಮೂರು ನಿಮಿಷದಲ್ಲಿ ಏನು ಮಾಡಿದರು ನೋಡು. ನಟರೆಲ್ಲ ಒಟ್ಟಿಗೆ ನಿಂತು ಮೈಯಿಂದಲೇ ಒಂದು ಯಂತ್ರವಾಗುತ್ತಾರೆ. ಕೈಕಾಲು ಲಯಕ್ಕೆ ಆಡುತ್ತವೆ, ಬಾಯಿಂದ ಯಂತ್ರದ ಸದ್ದು. ಇದ್ದಕ್ಕಿದ್ದಂತೆ ಯಂತ್ರ ನಿಂತುಹೋಗುತ್ತದೆ. ಯಾಕೆ ನಿಂತಿತು ಎಂದು ಸೂತ್ರಧಾರ ಕೇಳಿದಾಗ ಅದರ ಒಂದೊಂದು ಭಾಗವೂ ಮನುಷ್ಯನಾಗಿ ಹೊರಗೆ ಬಂದು ಮಾತಾಡುತ್ತದೆ: ಕಾರ್ಮಿಕ, ಮಾಲೀಕ, ಕಾವಲುಗಾರ. ಶೋಷಣೆ ಹೇಗೆ ನಡೆಯುತ್ತದೆಂದು ಅಲ್ಲಿ ಯಾರೂ ಭಾಷಣ ಮಾಡಬೇಕಿಲ್ಲ. ಒಬ್ಬ ಹಿಂದೆ ಸರಿದರೆ ಎಲ್ಲರೂ ನಿಲ್ಲುತ್ತಾರೆ, ಅಷ್ಟು ಕಂಡರೆ ಸಾಕು. ಅದೇ ನವೆಂಬರಿನಲ್ಲಿ ತಾಲ್ಕಟೋರಾ ಕ್ರೀಡಾಂಗಣದಲ್ಲಿ ಕಾರ್ಮಿಕರ ಸಮಾವೇಶದ ಎದುರು ಆಡಿದರು, ಅಲ್ಲಿಂದ ನಾಟಕ ಬೇರೆ ಬೇರೆ ಭಾಷೆಗಳಿಗೆ ಹಬ್ಬಿತು.

ಈಗ ಲೆಕ್ಕ ಹಾಕು. ಆ ಕಾರ್ಮಿಕರು ಕ್ರಾಂತಿ ಬೇಕು ಎಂದಿದ್ದರೆ ನಾಟಕ ಇಷ್ಟು ಚುಚ್ಚುತ್ತಿತ್ತೇ? ಕೇಳಿದ್ದು ಸೈಕಲ್ ಸ್ಟ್ಯಾಂಡು, ಸಿಕ್ಕಿದ್ದು ಗುಂಡು. ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದೋ ನಾಟಕವೂ ಅಷ್ಟೇ ದೊಡ್ಡದು. ಬೇಡಿಕೆ ಸಣ್ಣದಾದಷ್ಟೂ ಇಲ್ಲ ಎಂದವನು ಹೆಚ್ಚು ಬೆತ್ತಲಾಗುತ್ತಾನೆ. ನಿನ್ನ ಪ್ಲಗ್ಗು, ನಿನ್ನ ಮೂತ್ರದ ಜಾಗ ಇದೇ ಜಾತಿಗೆ ಸೇರಿದವು. ಅದನ್ನು ಹಿಡಿದು ಕೂರು. ಐದು ನಿಮಿಷ ಚಾರ್ಜ್ ಮಾಡಿಕೊಳ್ಳಲೇ ಎಂದು ಆ ಹುಡುಗ ಎಷ್ಟು ಬಾಗಿಲು ತಟ್ಟುತ್ತಾನೆ, ಯಾರ್ಯಾರು ಏನೇನು ಕಾರಣ ಕೊಡುತ್ತಾರೆ? ಒಬ್ಬೊಬ್ಬರ ಕಾರಣವೂ ಸಭ್ಯವಾಗಿರಲಿ, ನಂಬುವ ಹಾಗಿರಲಿ. ನಾವು ನೀವು ಹೇಳುವಂಥದ್ದೇ ಆಗಿದ್ದರೆ ಇನ್ನೂ ಚೆನ್ನ. ಜಾಗತೀಕರಣ ಅದರೊಳಗೆ ತಾನಾಗಿ ಬಂದು ಕೂರುತ್ತದೆ.

ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ 2023ರಲ್ಲಿ ರಾಜಸ್ಥಾನ, 2025ರಲ್ಲಿ ನಮ್ಮ ಕರ್ನಾಟಕ ಕಾನೂನು ತಂದ ಸಂಗತಿಯನ್ನು ಒಂದು ಪುಟದಷ್ಟು ಸಂಭಾಷಣೆಯಾಗಿ ಬರೆದಿದ್ದೀಯ. ವಿಷಯ ಸರಿ. ಆದರೆ ಅದನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ ನಾಟಕ ಮುಗಿದ ಮೇಲೆ ಹಂಚಿ.

ಜನಮ್ ತಂಡದ ‘ಹಲ್ಲಾ ಬೋಲ್’ ನಾಟಕದ ಹೆಸರು ಕೇಳಿದರೆ ನಿನ್ನ ವಯಸ್ಸಿನವರ ಕಣ್ಣಿಗೆ ಕಟ್ಟುವುದು ಮುಷ್ಟಿ ಎತ್ತಿದ ಪೋಸ್ಟರು. ಅದು 1988ರ ನವೆಂಬರಿನಲ್ಲಿ ದೆಹಲಿಯ ಕೈಗಾರಿಕಾ ಕಾರ್ಮಿಕರು ಏಳು ದಿನ ನಡೆಸಿದ ಮುಷ್ಕರಕ್ಕೆಂದು ಮಾಡಿದ ನಾಟಕದಿಂದ ಬೆಳೆದದ್ದು. ಕನಿಷ್ಠ ವೇತನ ತಿಂಗಳಿಗೆ 1,050 ರೂಪಾಯಿ ಮಾಡಿ ಎಂಬುದು ಬೇಡಿಕೆಗಳಲ್ಲಿ ಒಂದು. ಈ ಅಂಕಿಯನ್ನು ನಾಟಕದೊಳಗೆ ತರಲು ಅವರು ಹಿಡಿದ ದಾರಿ ಪ್ರೇಮಕಥೆ! ಮದುವೆಯಾಗಲು ಹೊರಟ ಕಾರ್ಮಿಕನಿಗೆ ಅವನ ಸಂಬಳವೇ ಅಡ್ಡ ನಿಲ್ಲುತ್ತದೆ. ಜನ ಬಿದ್ದು ಬಿದ್ದು ನಕ್ಕು, ನಗುತ್ತಲೇ ತಮ್ಮ ಸಂಬಳದ ಲೆಕ್ಕ ಹಾಕಿಕೊಳ್ಳುವ ಹಾಗೆ. ಪೋಸ್ಟರಿನಲ್ಲಿ ಆ ನಗು ಕಾಣುವುದಿಲ್ಲ. ನಿನ್ನ ನಾಟಕದಲ್ಲೂ ಕಾಣಲಿಲ್ಲ. ಡೆಲಿವರಿ ಹುಡುಗರ ಮಧ್ಯೆ ಒಂದು ಸಂಜೆ ಕೂತರೆ ಎಷ್ಟು ಜೋಕು ಸಿಗುತ್ತವೆ, ಒಂದನ್ನೂ ತರದೆ ಬಂದೆಯಲ್ಲ.

‘ಹಲ್ಲಾ ಬೋಲ್’ ನಾಟಕವನ್ನು ಸಾಹಿಬಾಬಾದಿನ ಝಂಡಾಪುರದಲ್ಲಿ ಆಡುತ್ತಿದ್ದಾಗ, 1989ರ ಜನವರಿ 1ರಂದು, ತಂಡದ ಮೇಲೆ ದಾಳಿ ನಡೆಯಿತು. ರಾಮ್ ಬಹಾದುರ್ ಎಂಬ ಕಾರ್ಮಿಕ ಗುಂಡಿಗೆ ಬಲಿಯಾದ. ತಲೆಗೆ ಪೆಟ್ಟು ಬಿದ್ದ ಸಫ್ದರ್ ಮರುದಿನ ತೀರಿಕೊಂಡ. ಅವನಿಗೆ ಮೂವತ್ತನಾಲ್ಕು. ಜನವರಿ 4ರಂದು ತಂಡ ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಪೂರ್ತಿ ಆಡಿತು. ಸಫ್ದರನ ಹೆಂಡತಿ ಮಲಯಶ್ರೀ ಹಾಶ್ಮಿ ಆ ಪ್ರದರ್ಶನದಲ್ಲಿ ಪಾತ್ರ ಮಾಡಿದರು. ಇದನ್ನು ನೀನು ಎಷ್ಟೋ ಸಲ ಕೇಳಿರುತ್ತೀಯ. ಹೇಳಿದವರೆಲ್ಲ ಧೈರ್ಯದ ಬಗ್ಗೆ ಹೇಳಿರುತ್ತಾರೆ, ನಾನು ಅದಕ್ಕೆ ಸೇರಿಸುವುದೇನೂ ಇಲ್ಲ. ಬರೆಯುವವನಾಗಿ ನನಗೆ ಕಾಣುವುದು ಬೇರೆ: ಮೂರೇ ದಿನದಲ್ಲಿ, ಮುಖ್ಯ ನಟನೇ ಇಲ್ಲದೆ, ಅಂಥ ದುಃಖದಲ್ಲಿ ಇನ್ನೊಬ್ಬರು ಆ ಪಾತ್ರಕ್ಕೆ ನಿಂತು ನಾಟಕ ನಡೆಸಬಹುದಾದ ಹಾಗೆ ಆ ಪಠ್ಯ ಇತ್ತು.

ಹವ್ಯಾಸಿ ತಂಡಕ್ಕೆ ಬರೆಯುವುದೆಂದರೆ ಇದು. ನಿನ್ನ ತಂಡದಲ್ಲಿ ಒಬ್ಬ ಬ್ಯಾಂಕಿನವನು, ಒಬ್ಬಳು ಶಾಲೆಯ ಟೀಚರ್, ಇಬ್ಬರು ಪರೀಕ್ಷೆಗೆ ಓದುವವರು ಎಂದು ಬರೆದಿದ್ದೀಯ. ಸಂಬಳವಿಲ್ಲ, ಕೆಲಸ ಮುಗಿಸಿ ಮೆಟ್ರೊ ಹಿಡಿದು ತಾಲೀಮಿಗೆ ಬರುತ್ತಾರೆ. ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಆಡಿಟ್, ಮತ್ತೊಬ್ಬಳ ಮನೆಯಲ್ಲಿ ಮದುವೆ. ಇದನ್ನು ನಿನ್ನ ನಾಟಕ ಮೊದಲೇ ಒಪ್ಪಿಕೊಂಡಿರಬೇಕು. ಒಬ್ಬನೇ ನಟನ ತಲೆಯ ಮೇಲೆ ಎರಡು ಪುಟದ ಸ್ವಗತ ಹೇರಿದ್ದೀಯ. ಅವನು ಬರದ ದಿನ ಏನು ಮಾಡುತ್ತೀಯ? ಮಾತು ಮೋಟಾಗಿರಲಿ, ಕೈಯಿಂದ ಕೈಗೆ ದಾಟಿಸುವಂತಿರಲಿ. ಜನಮ್ ತಂಡದ ‘ಔರತ್’ ನಾಟಕ ನೋಡು, 1979ರದ್ದು. ದುಡಿಯುವ ಹೆಂಗಸರ ಸಮಾವೇಶಕ್ಕೆಂದು ಮಾಡಿದ್ದು, ಇರಾನಿನ ಮರ್ಜಿಯೆ ಅಹ್ಮದಿ ಒಸ್ಕೂಯಿ ಎಂಬ ಶಿಕ್ಷಕಿಯ ಕವಿತೆಯಿಂದ ಶುರುವಾಗುತ್ತದೆ. ಇರುವುದು ಒಬ್ಬಳೇ ನಟಿ. ಅವಳೇ ಮಗಳು, ಅವಳೇ ಹೆಂಡತಿ, ಅವಳೇ ವಿದ್ಯಾರ್ಥಿನಿ, ಅವಳೇ ಕಾರ್ಮಿಕಳು. ಸುತ್ತಲಿನ ಗಂಡಸರು ಅಪ್ಪ, ಗಂಡ, ಮಾಲೀಕರಾಗಿ ಬದಲಾಗುತ್ತ ಹೋಗುತ್ತಾರೆ. ಒಬ್ಬಳೇ ಅಷ್ಟೂ ಹೆಂಗಸರಾದಾಗ, ಇವರೆಲ್ಲರ ಪಾಡು ಒಂದೇ ಎಂದು ಯಾವ ಸೂತ್ರಧಾರನೂ ಬಂದು ಹೇಳಬೇಕಿಲ್ಲ. ತಂಡದ ಬಡತನವೇ ಅಲ್ಲಿ ನಾಟಕದ ಮಾತಾಯಿತು.

ಬಟ್ಟೆಯ ವಿಷಯ ಒಂದು ಮಾತು. ಕಪ್ಪು ಕುರ್ತಾ, ಜೀನ್ಸು, ಕೈಯಲ್ಲಿ ಡಫ್ಲಿ ಎಂಬ ಪುಟ್ಟ ತಮಟೆ. ದೆಹಲಿಯ ಕಾಲೇಜು ಸ್ಪರ್ಧೆಗಳಲ್ಲಿ ಈಗ ಇಪ್ಪತ್ತು ಮೂವತ್ತು ಮಕ್ಕಳು ಇದೇ ವೇಷದಲ್ಲಿ ಗಂಟಲು ಹರಿಯುವಂತೆ ಕಿರುಚುತ್ತಾರೆ, ಪಿರಮಿಡ್ಡಾಗುತ್ತಾರೆ, ಕಡೆಗೆ ನಮ್ಮತ್ತ ಬೆರಳು ತೋರಿಸಿ ತಪ್ಪು ನಿಮ್ಮದೇ ಅನ್ನುತ್ತಾರೆ. ಆ ಮಕ್ಕಳ ಮೈಕಸುವಿನ ಮೇಲೆ ನನಗೆ ಅಸೂಯೆಯಿದೆ. ಆದರೆ ತೀರ್ಪುಗಾರರ ಎದುರು ಆಡುವ ನಾಟಕಕ್ಕೂ ನಡುವೆ ಎದ್ದು ಹೋಗಬಲ್ಲವರ ಎದುರು ಆಡುವ ನಾಟಕಕ್ಕೂ ಬರವಣಿಗೆ ಒಂದೇ ಅಲ್ಲ. ನಿನ್ನ ಕೊನೆಯ ದೃಶ್ಯಕ್ಕೆ ಆ ಸ್ಪರ್ಧೆಗಳ ಗಾಳಿ ತಾಗಿದೆ. ಹಗಲೆಲ್ಲ ಗಿರಾಕಿಗಳಿಂದ ಬೈಸಿಕೊಂಡವನಿಗೆ ಸಂಜೆ ನೀನೂ ಬೆರಳು ತೋರಿಸಬೇಕೇ?

ನಾಟಕದ ಹುಡುಗರು ಬಿಹಾರದವರು, ಅವರ ಹಿಂದಿ ಬರೆಯಲು ಕನ್ನಡದವನಾದ ನನಗೇನು ಹಕ್ಕು ಎಂದು ಅಳುಕಿದ್ದೀಯ. 1977ರಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ ಹನ್ನೊಂದು ಮಂದಿಯನ್ನು ಕೊಂದು ಸುಟ್ಟರು, ಹೆಚ್ಚಿನವರು ದಲಿತರು. ನಮ್ಮ ಕರ್ನಾಟಕದ ನಾಟಕ ತಂಡ ‘ಸಮುದಾಯ’ ಆಗಿನ್ನೂ ಎರಡು ವರ್ಷದ ಕೂಸು. ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ಅದು ‘ಬೆಲ್ಚಿ’ ಎಂಬ ನಾಟಕವನ್ನು ಕನ್ನಡದ ಬೀದಿಗಳಲ್ಲಿ ಆಡಿತು. ನೋಡಿದವರಲ್ಲಿ ಬಿಹಾರ ನಕ್ಷೆಯಲ್ಲಿ ಎಲ್ಲಿದೆ ಎಂದು ತಿಳಿಯದವರೂ ಇದ್ದರು. ತಮ್ಮೂರಿನ ಕೇರಿ ಎಲ್ಲಿದೆ ಎಂದು ಎಲ್ಲರಿಗೂ ತಿಳಿದಿತ್ತು. ಅವತ್ತು ಅಲ್ಲಿಯ ಕಥೆ ಇಲ್ಲಿಗೆ ಬಂದಿತ್ತು, ಇವತ್ತು ನೀನು ಇಲ್ಲಿಂದ ಅಲ್ಲಿಗೆ ಹೋಗಿದ್ದೀಯ. ಅಳುಕು ಇರಲಿ, ಅದು ನಿನ್ನನ್ನು ಎಚ್ಚರವಾಗಿಡುತ್ತದೆ. ಸದ್ಯಕ್ಕೆ ನಿನ್ನ ಹುಡುಗರು ಆಕಾಶವಾಣಿಯ ವಾರ್ತೆಯ ಹಿಂದಿ ಮಾತಾಡುತ್ತಿದ್ದಾರೆ. ಭೋಜಪುರಿ, ಮೈಥಿಲಿಯ ಎಳೆ ನಿನಗೆ ಬಾರದು, ನಿನ್ನ ನಟರಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಸನ್ನಿವೇಶ ನೀನು ಕೊಡು, ಮಾತನ್ನು ಅವರು ತಾಲೀಮಿನಲ್ಲಿ ಆಡಲಿ, ನೀನು ಬರೆದುಕೋ. ಕರ್ತೃವಿನ ಹೆಸರು ನಿನ್ನೊಬ್ಬನದೇ ಇರಬೇಕೆಂಬ ಆಸೆಯಿದ್ದರೆ ಕಾದಂಬರಿ ಬರೆ.

ಒಂದು ಸರ್ಕಾರೇತರ ಸಂಸ್ಥೆ ರಸ್ತೆ ಸುರಕ್ಷತೆಯ ಬೀದಿನಾಟಕಕ್ಕೆ ದುಡ್ಡು ಕೊಡುತ್ತೇನೆ ಎಂದಿದೆಯಂತೆ, ಒಪ್ಪಲೇ ಎಂದು ಕೇಳಿದ್ದೀಯ. ನಮ್ಮಲ್ಲೂ ಇಲಾಖೆಗಳ ಯೋಜನೆ ಸಾರುವ ಕಲಾಜಾಥಾಗಳಿಂದ ಎಷ್ಟೋ ಬಡ ಕಲಾವಿದರ ಒಲೆ ಉರಿದಿದೆ, ನಾನು ಹೀಗಳೆಯಲಾರೆ. ಬಾಡಿಗೆ ಕಟ್ಟಬೇಕಿದ್ದರೆ ಬರೆ. ಹೆಲ್ಮೆಟ್ ಹಾಕಿಕೊಳ್ಳಿ ಎನ್ನುವ ನಾಟಕದಲ್ಲಿ, ಹತ್ತು ನಿಮಿಷದಲ್ಲಿ ತಲುಪಿಸು ಎಂದವರು ಯಾರು ಎಂದು ಕೇಳಲು ಅವರು ಬಿಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿಕೋ. ಬಿಡುವುದಿಲ್ಲ ಎಂದರೆ ಆ ನಾಟಕಕ್ಕೆ ತಂಡದ ಹೆಸರು ಹಾಕಬೇಡ.

ಇನ್ನು ಉದ್ದ. ಹದಿನೈದು, ಹೆಚ್ಚೆಂದರೆ ಇಪ್ಪತ್ತು ನಿಮಿಷ. 1979ರಲ್ಲಿ ದೆಹಲಿಯ ಬಸ್ ದರ ಏರಿದಾಗ ಜನಮ್ ತಂಡ ಕೂಡಲೇ ಒಂದು ಪುಟ್ಟ ನಾಟಕ ಕಟ್ಟಿ ಬಸ್ಸಿಗೆ ಕಾಯುವವರ ಎದುರೇ ಆಡಿತು. ಬಸ್ಸು ಬರುವುದರೊಳಗೆ ಹೇಳಿ ಮುಗಿಸಬೇಕಿತ್ತು. ನಿನ್ನವರಿಗೆ ಆರ್ಡರ್ ಯಾವ ಕ್ಷಣದಲ್ಲೂ ಬರಬಹುದು. ನಡುವೆ ಯಾರದಾದರೂ ಫೋನು ಕುಯ್‌ಗುಟ್ಟಿದರೆ ನಟರು ಅದಕ್ಕೆ ಏನನ್ನುತ್ತಾರೆ ಎಂಬುದನ್ನೂ ಬರೆದಿಡು. ಮುಂಚೆಯೇ ಹೊರಡಬೇಕಾದವನಿಗೂ ಏನಾದರೂ ಸಿಕ್ಕಿರಲಿ.

ಮತ್ತೆ ಆ ಗೇಟಿನ ವಾಚ್‌ಮನ್. ಪ್ರತಿಯಲ್ಲಿ ಅವನು ಬರೀ ‘ಗಾರ್ಡ್ 1’, ಬಂದು ಗದರಿಸಿ ಹೋಗುತ್ತಾನೆ. ‘ಮಷೀನ್’ನಲ್ಲಿ ಕಾವಲುಗಾರನೂ ಯಂತ್ರದ ಒಂದು ಭಾಗವೇ ಆಗಿದ್ದ ಎನ್ನುವುದನ್ನು ಮರೆಯಬೇಡ. ಇವನೂ ಗುತ್ತಿಗೆಯವನು, ಹನ್ನೆರಡು ತಾಸಿನ ಪಾಳಿಯವನು, ಬಹುಶಃ ಆ ಹುಡುಗನ ಪಕ್ಕದ ಜಿಲ್ಲೆಯವನೇ. ಅವನ ಗೂಡಿನಲ್ಲಿ ಒಂದು ಪ್ಲಗ್ಗಿದೆ. ಕೊಟ್ಟರೆ ಸಿಸಿಟಿವಿಯಲ್ಲಿ ಕಾಣುತ್ತದೆ. ಅವನಿಗೊಂದು ಹೆಸರಿಡು, ನಿನ್ನ ಅತ್ಯುತ್ತಮ ಮಾತುಗಳನ್ನು ಅವನಿಗೆ ಕೊಡು. ಕೋಟಿನ ಮಾಲೀಕನನ್ನು ಪೂರಾ ತೆಗೆದರೆ ಆ ಪಾತ್ರಕ್ಕೆ ಮೀಸೆ ಬಿಟ್ಟುಕೊಂಡು ಕಾಯುತ್ತಿರುವ ನಿನ್ನ ಬ್ಯಾಂಕ್ ಗೆಳೆಯ ಮುನಿಸಿಕೊಳ್ಳಬಹುದು. ವಾಚ್‌ಮನ್ ಪಾತ್ರ ಅವನಿಗೇ ಕೊಟ್ಟು ನೋಡು. ಹೋಳಿಯೊಳಗೆ ಹೊಸ ಪ್ರತಿ ಸಿದ್ಧವಾದರೆ ಕಳಿಸು, ಈ ಸಲ ಹಿಂದಿಯದೊಂದೇ ಸಾಕು.

ಇಂತಿ ನಿನ್ನ,
ಹಳೆಯ ನಾಟಕದವನು