ಮಗಳಿಗೊಂದು ಪತ್ರ: ಮಂಚ ಮಹಡಿಯಲ್ಲೇ ಇರಲಿ

ಹಾಸನ
ಭಾನುವಾರ ಬೆಳಿಗ್ಗೆ

ಪುಟ್ಟೀ,

ಹಾಸನಾಂಬೆ ಬಾಗಿಲು ಹಾಕಿ ಹತ್ತು ದಿನ ಆಯ್ತು. ನೀನು ಬೆಂಗಳೂರು ಸೇರಿದ ಮೇಲೆ ಮಾಡಿದ ಪ್ರತಿ ಫೋನಲ್ಲೂ ಒಂದೇ ಮಾತು: "ಅಪ್ಪ, ಮಂಚ ಕೆಳಗೆ ಹಾಕಿಸಿದ್ರಾ?" ಇಲ್ಲ ಕಣಮ್ಮ, ಹಾಕಿಸಿಲ್ಲ. ಯಾಕೆ ಅಂತ ಫೋನಲ್ಲಿ ಹೇಳೋಕೆ ಹೋದ್ರೆ ನಿನ್ನ ಗಂಟಲು ಕಟ್ಟುತ್ತೆ, ನಿಮ್ಮಮ್ಮ ಪಕ್ಕದಿಂದ ಫೋನ್ ಕಿತ್ಕೊಳ್ತಾಳೆ, ಮಾತು ಅಡುಗೆ ಕಡೆ ತಿರುಗುತ್ತೆ. ಅದಕ್ಕೇ ಕಾಗದ. ಕಂಡಕ್ಟರ್ ಕೆಲಸದಲ್ಲಿದ್ದಾಗ ಟಿಕೆಟ್ ಲೆಕ್ಕದ ವೇ ಬಿಲ್ ಬಿಟ್ಟು ಬೇರೇನೂ ಬರೆದವನಲ್ಲ ನಾನು, ಅಕ್ಷರ ನೋಡಿ ನಗಬೇಡ.

ಅವತ್ತು ದರ್ಶನದ ಕ್ಯೂನಲ್ಲಿ ಕಣ್ಣು ಕತ್ತಲೆ ಬಂದು ಬ್ಯಾರಿಕೇಡ್ ಹಿಡ್ಕೊಂಡು ಕೂತಿದ್ದು ನಿಜ. ನೀನು "ಅಯ್ಯೋ ಅಪ್ಪಾ" ಅಂತ ಕೂಗಿದ್ದಕ್ಕೆ ಮುಂದಿದ್ದವರೆಲ್ಲ ದಾರಿ ಬಿಟ್ರು, ಅದೊಂದು ಲಾಭ ಅನ್ನು. ಆದ್ರೆ ಅಲ್ಲೇ ನೀನು ತೀರ್ಮಾನ ಮಾಡಿಬಿಟ್ಟೆ, ಅಪ್ಪನ ಮೈಯಲ್ಲಿ ಶಕ್ತಿ ಮುಗೀತು, ಇನ್ಮೇಲೆ ಮೆಟ್ಟಿಲು ಹತ್ತಬಾರದು, ತರಕಾರಿ ಚೀಲ ಎತ್ತಬಾರದು, ನೆಲದ ಮೇಲೆ ಕೂರಬಾರದು, ಕೂತಲ್ಲಿಗೇ ಎಲ್ಲ ಬರಬೇಕು ಅಂತ. ಸುಳ್ಳು ಯಾಕೆ, ನನಗೂ ಒಂದು ದಿನ ಹಾಗೇ ಅನ್ನಿಸಿತ್ತು. 31 ವರ್ಷ ಬಸ್ಸಲ್ಲಿ ನಿಂತೇ ಅನ್ನ ತಿಂದವನು, ದೇವಿ ಎದುರಿಗೆ ಮೂರು ಗಂಟೆ ನಿಲ್ಲೋಕಾಗಲಿಲ್ಲವಲ್ಲ ಅಂತ ರಾತ್ರಿ ನಿದ್ದೆ ಹತ್ತಲಿಲ್ಲ.

ಮಾರನೇ ದಿನ ನೀನೇ ಕರ್ಕೊಂಡು ಹೋದ ಡಾಕ್ಟರಮ್ಮ ನೆನಪಿದ್ದಾರಲ್ಲ? ನೀನು ಹೊರಗೆ ಫೋನಲ್ಲಿ ಆಫೀಸಿನವರ ಹತ್ರ ಮಾತಾಡ್ತಿದ್ದೆ, ಒಳಗೆ ನಡೆದದ್ದು ನಿನಗೆ ಗೊತ್ತಿಲ್ಲ. ಅವರು ನನ್ನನ್ನ ಐದು ನಿಮಿಷ ಮಲಗಿಸಿ ಬಿಪಿ ನೋಡಿದ್ರು. 138. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ಮತ್ತೆ ನೋಡಿದ್ರು. 112. "ಮೇಲಿನ ನಂಬರ್ 20 ಅಥವಾ ಅದಕ್ಕಿಂತ ಹೆಚ್ಚು ಇಳಿದ್ರೆ ನಾವು ಗಮನ ಕೊಡಬೇಕು" ಅಂದ್ರು. ಇಷ್ಟು ವರ್ಷ ಬಿಪಿ ನೋಡಿಸ್ಕೊಂಡಿದ್ದೀನಿ, ನಿಲ್ಲಿಸಿ ನೋಡಿದವರು ಇವರೇ ಮೊದಲು.

ಆಮೇಲೆ ಪೇಪರ್ ಮೇಲೆ ಗೀಚಿ ತೋರಿಸಿದ್ರು. ಮಲಗಿದವನು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕೆಳಗಿಳಿದು ಹೊಟ್ಟೆ, ಕಾಲಲ್ಲಿ ನಿಲ್ಲುತ್ತಂತೆ. ಕತ್ತಿನ ರಕ್ತನಾಳದಲ್ಲೂ ಎದೆಯ ದೊಡ್ಡ ನಾಳದಲ್ಲೂ ಒತ್ತಡ ನೋಡೋ ಕಾವಲುಗಾರರಿದ್ದಾರೆ. ಅವರು ತಕ್ಷಣ ಸುದ್ದಿ ಕೊಟ್ಟು ಹೃದಯಕ್ಕೆ ಜೋರು ಮಾಡಿಸಿ, ನಾಳಗಳನ್ನ ಬಿಗಿ ಮಾಡಿಸ್ತಾರೆ. ವಯಸ್ಸಾದ ಮೇಲೆ ನಾಳ ಗಡುಸಾಗಿ ಆ ಕಾವಲುಗಾರರು ಸ್ವಲ್ಪ ತೂಕಡಿಸ್ತಾರೆ. ಇನ್ನು ಕೆಳಗಿಳಿದ ರಕ್ತವನ್ನ ಮೇಲೆತ್ತೋದು ಯಾರು? ಮೀನಖಂಡ. ಕಾಲು ಆಡಿದಾಗಲೆಲ್ಲ ಅದು ಹಿಂಡುತ್ತೆ, ಒಳಗಿನ ನಾಳದಲ್ಲಿ ಒಮ್ಮುಖದ ಬಾಗಿಲುಗಳಿವೆ, ರಕ್ತ ಮೇಲೇ ಹೋಗಬೇಕು.

ಆಗ ಹೊಳೀತು ನನಗೆ. ಬಸ್ಸಲ್ಲಿ ನಿಲ್ಲೋದು ಬೇರೆ, ಕ್ಯೂನಲ್ಲಿ ನಿಲ್ಲೋದು ಬೇರೆ! ಓಡೋ ಬಸ್ಸಲ್ಲಿ ಮೀನಖಂಡಕ್ಕೆ ಒಂದು ಕ್ಷಣ ಬಿಡುವಿಲ್ಲ. ಕ್ಯೂನಲ್ಲಿ ಕಂಬದ ಹಾಗೆ ನಿಂತಿದ್ದೆ. ಜೊತೆಗೆ ಉಪವಾಸ. ಮಧ್ಯೆ ಎಲ್ಲಿ ಹೋಗಬೇಕಾಗುತ್ತೋ ಅಂತ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ, ಬಾಯಾರಿಕೆ ಆದ ನೆನಪೂ ಇಲ್ಲ. ವಯಸ್ಸಾದ ಹಾಗೆ ಬಾಯಾರಿಕೆ ಗೊತ್ತಾಗೋದೇ ಕಮ್ಮಿಯಂತೆ, ಮೈ ಒಣಗಿದ್ರೂ ನಾಲಿಗೆ ಹೇಳಲ್ಲ. ಅದರ ಮೇಲೆ ಬಿಪಿ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದೆ. ಇಷ್ಟೆಲ್ಲ ಸೇರಿದ್ರೆ ಇಪ್ಪತ್ತರ ಹುಡುಗನೂ ತಲೆಸುತ್ತಿ ಬೀಳಬಹುದು ಅಂದ್ರು. ಅವರು ಮಾತ್ರೆ ಸ್ವಲ್ಪ ಇಳಿಸಿದ್ರು. ನಾನೇ ಇಳಿಸ್ಕೊಂಡದ್ದಲ್ಲ, ಬೈಬೇಡ.

ಹೊರಡೋ ಮುಂಚೆ ಏನು ಕೆಲಸ ಮಾಡ್ತಿದ್ರಿ ಅಂತ ಕೇಳಿದ್ರು. ಕೆಎಸ್‌ಆರ್‌ಟಿಸಿ ಕಂಡಕ್ಟರ್ ಅಂದೆ. ಅವರಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಹೊರಗೆ ಪೇಷಂಟ್‌ಗಳು ಕಾಯ್ತಿದ್ರೂ ಒಂದು ಕತೆ ಹೇಳಿದ್ರು. ಲಂಡನ್ನಿನಲ್ಲಿ ಜೆರಿ ಮಾರಿಸ್ ಅಂತ ಒಬ್ಬ ಡಾಕ್ಟರ್, ಡಬಲ್ ಡೆಕರ್ ಬಸ್ಸಿನ ಸಾವಿರಾರು ನೌಕರರ ಲೆಕ್ಕ ತೆಗೆದ. ಡ್ರೈವರ್ ಕೂತಿರ್ತಾನೆ, ಕಂಡಕ್ಟರ್ ದಿನಕ್ಕೆ ಐನೂರು, ಆರುನೂರು ಮೆಟ್ಟಿಲು ಹತ್ತಿ ಇಳೀತಾನೆ. ಅದೇ ಬಸ್ಸು, ಅದೇ ಹೊಗೆ. ಹಾರ್ಟ್ ತೊಂದರೆ ಮಾತ್ರ ಡ್ರೈವರ್‌ಗಳಿಗೆ ಹೆಚ್ಚು, ಕಂಡಕ್ಟರ್‌ಗಳಿಗೆ ಕಮ್ಮಿ, ಬಂದ್ರೂ ತಡವಾಗಿ. 1953ರಲ್ಲಿ ಅದನ್ನ ಪ್ರಕಟಿಸಿದ. ಮೈ ಆಡಿಸೋದಕ್ಕೂ ಹೃದಯಕ್ಕೂ ಸಂಬಂಧ ಇದೆ ಅಂತ ಲೆಕ್ಕ ಇಟ್ಟು ತೋರಿಸಿದವರಲ್ಲಿ ಅವನೇ ಮೊದಲಿಗನಂತೆ. ಡ್ರೈವರ್ ಕೆಲಸಕ್ಕೆ ಸೇರೋರೇ ದಪ್ಪ ಇದ್ದಿರಬಹುದಲ್ಲ ಅಂತ ಯಾರಾದ್ರೂ ಕೇಳ್ತಾರೆ ಅಂತ, ಯೂನಿಫಾರಂ ಪ್ಯಾಂಟಿನ ಸೊಂಟದ ಅಳತೆಯನ್ನೂ ತರಿಸಿ ನೋಡಿದ. ಡ್ರೈವರ್‌ಗಳ ಸೊಂಟ ದೊಡ್ಡದೇ ಇತ್ತು, ಆದ್ರೆ ಅದೊಂದೇ ಕಾರಣ ಅಂತ ಹೇಳೋಕಾಗಲಿಲ್ಲ. ನಮ್ಮ ಡಿಪೋದಲ್ಲಿ ಖಾಕಿ ಬಟ್ಟೆ ಹಂಚೋ ದಿನ ಯಾರಿಗೆ ಎಷ್ಟು ಬೇಕು ಅಂತ ನಡೀತಿದ್ದ ಜಗಳ ನೆನೆದು ನನಗೆ ನಗು ತಡೆಯೋಕಾಗಲಿಲ್ಲ. ಆ ಮಾರಿಸ್ 99 ವರ್ಷ ಬದುಕಿದ್ದನಂತೆ.

ನಮ್ಮ ಬಸ್ಸಿಗೆ ಮಹಡಿ ಇರಲಿಲ್ಲ, ಒಪ್ತೀನಿ. ಆದ್ರೆ ಟಾಪ್ ಇತ್ತು. ಸಕಲೇಶಪುರದಲ್ಲಿ ಬಾಳೆಗೊನೆ, ಮೂಟೆ ಹೊತ್ತು ಜನ ಬಂದ್ರೆ ಹಿಂದಿನ ಏಣಿ ಹತ್ತಿ ಹಾಕಿಸ್ಕೋಬೇಕಿತ್ತು. ಇನ್ನು ಶಿರಾಡಿ ಘಾಟಿ ರೂಟ್. ಹೊಸ ಕಂಡಕ್ಟರ್‌ಗಳು ಕಂಬಿ ಹಿಡೀತಾರೆ, ಹಳಬರು ಹಿಡಿಯಲ್ಲ. ಎಡಗೈಲಿ ಟಿಕೆಟ್ ಟ್ರೇ, ಬೆರಳ ಸಂದಿಯಲ್ಲಿ ಉದ್ದುದ್ದ ಮಡಚಿದ ನೋಟು, ಬಲಗೈಲಿ ಚಿಲ್ಲರೆ, ಹಿಡಿಯೋಕೆ ಕೈ ಎಲ್ಲಿದೆ? ಸೊಂಟ ಸೀಟಿನ ಅಂಚಿಗೆ ಆನಿಸಿ, ಒಂದು ಪಾದ ಬಸ್ಸಿನ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಮಂಡಿ ಸಡಿಲ. ದೋಣಿಗಲ್ ದಾಟಿ ಇಳಿಜಾರು ಶುರುವಾದ್ರೆ ತಿರುವು ಬರೋ ಮುಂಚೆ ಪಾದಕ್ಕೆ ಗೊತ್ತಾಗ್ತಿತ್ತು. ಅದು ನನ್ನ ಜಾಣತನ ಅಂದ್ಕೊಂಡಿದ್ದೆ. ಮೈಗೆ ಸಮತೋಲದ ಸುದ್ದಿ ಮೂರು ಕಡೆಯಿಂದ ಬರುತ್ತೆ, ಕಣ್ಣು, ಒಳಕಿವಿಯಲ್ಲಿ ನೀರು ತುಂಬಿದ ಸಣ್ಣ ಕೊಳವೆಗಳು, ಪಾದ ಮತ್ತು ಕೀಲು. ಮಿದುಳು ಮೂರನ್ನೂ ತಾಳೆ ನೋಡುತ್ತೆ. ರಾತ್ರಿ ಲೈಟ್ ಹಾಕದೆ ಬಚ್ಚಲಿಗೆ ಹೋದ್ರೆ ಕಣ್ಣಿನ ಸುದ್ದಿ ಇಲ್ಲ, ಎರಡೇ ಉಳಿದವು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ರೆ ಒಂದೇ. ವಯಸ್ಸಾದವರು ಬಚ್ಚಲಲ್ಲೇ ಯಾಕೆ ಬೀಳ್ತಾರೆ ಅನ್ನೋದಕ್ಕೆ ಒದ್ದೆ ನೆಲ ಅರ್ಧ ಕಾರಣ ಅಷ್ಟೇ.

ನಿವೃತ್ತಿ ಆಗಿ ಎಂಟು ವರ್ಷ. ಈ ಎಂಟು ವರ್ಷ ನಾನೇನು ಮಾಡಿದೆ? ಜಗಲಿ ಮೇಲಿನ ಪ್ಲಾಸ್ಟಿಕ್ ಕುರ್ಚಿ, ಪೇಪರ್, ಟಿವಿ. ಡಾಕ್ಟರಮ್ಮ ಕೈ ಕಟ್ಕೊಂಡು ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರ್ತೀರ ನೋಡೋಣ ಅಂದ್ರು. ಎಂಟೇ ಸಲ. ಒಂಟಿಕಾಲಲ್ಲಿ ನಿಲ್ಲಿ ಅಂದ್ರು. ನಾಲ್ಕು ಸೆಕೆಂಡಿಗೆ ಗೋಡೆ ಹಿಡಿದೆ. ಶಿರಾಡಿ ಘಾಟಿಯಲ್ಲಿ ಕಂಬಿ ಮುಟ್ಟದ ಮನುಷ್ಯ!

ಸವೆದು ಹೋಯ್ತು ಅಂತ ನಾನೂ ನೀನೂ ಅಂದ್ಕೊಂಡ್ವಲ್ಲ, ಅದೇ ತಪ್ಪು. ಬಸ್ಸಿನ ಟಯರ್ ಓಡಿದಷ್ಟೂ ಸವೆಯುತ್ತೆ. ಮೈ ಹಾಗಲ್ಲ. ಅದು ಜಿಪುಣ ಶೆಟ್ಟರ ಅಂಗಡಿ ಥರ, ಗಿರಾಕಿ ಕೇಳದ ಸಾಮಾನು ತರಿಸೋದನ್ನ ನಿಲ್ಲಿಸಿಬಿಡುತ್ತೆ. ಮೂವತ್ತು ದಾಟಿದ ಮೇಲೆ ಸ್ನಾಯು ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಕರಗುತ್ತೆ, ಅರವತ್ತರ ಮೇಲೆ ಇನ್ನೂ ಬೇಗ. ಅದರಲ್ಲೂ ಮೊದಲು ಹೋಗೋದು ಚುರುಕು ಎಳೆಗಳು, ಎಡವಿದಾಗ ತಟ್ಟನೆ ಕಾಲು ಮುಂದಿಟ್ಟು ಉಳಿಸೋ ಎಳೆಗಳು. ನಿಧಾನ ನಡಿಗೆ ಅವನ್ನ ಅಷ್ಟಾಗಿ ಕರೆಯಲ್ಲ. ಮೆಟ್ಟಿಲು ಕರೆಯುತ್ತೆ, ನೆಲದಿಂದ ಏಳೋದು ಕರೆಯುತ್ತೆ, ತೂಕ ಎತ್ತೋದು ಕರೆಯುತ್ತೆ. ನೀನು ಬಿಡಿಸಬೇಕು ಅಂದ ಮೂರು ಕೆಲಸವೂ ಇವೇ ನೋಡು.

ಮಂಚದ ವಿಷಯಕ್ಕೆ ಬರ್ತೀನಿ. 1966ರಲ್ಲಿ ಅಮೆರಿಕಾದ ಡಲ್ಲಾಸಿನಲ್ಲಿ ಇಪ್ಪತ್ತರ ಆಸುಪಾಸಿನ ಐದು ಹುಡುಗರನ್ನ ಮೂರು ವಾರ ಹಾಸಿಗೆ ಮೇಲೇ ಮಲಗಿಸಿದ್ರು. ಆರೋಗ್ಯವಾಗಿದ್ದ ಹುಡುಗರು, ಪರೀಕ್ಷೆಗೆ ಅಂತ. ಮೈ ಪೂರ್ತಿ ದುಡಿಯುವಾಗ ಆಮ್ಲಜನಕ ಬಳಸೋ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಇಳಿದುಹೋಯ್ತು. ಮೂವತ್ತು ವರ್ಷ ಬಿಟ್ಟು ಅದೇ ಐದು ಜನರನ್ನ ಹುಡುಕಿ ಮತ್ತೆ ಅಳೆದ್ರು. ಮೂವತ್ತು ವರ್ಷದ ಮುಪ್ಪು ಮಾಡಿದ್ದಕ್ಕಿಂತ ಹೆಚ್ಚು ನಷ್ಟವನ್ನ ಆ ಮೂರು ವಾರದ ಹಾಸಿಗೆ ಮಾಡಿತ್ತು. ಐವತ್ತು ದಾಟಿದ ಅವರಿಗೆ ಆರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಸಿದ್ರೆ, ಕಳ್ಕೊಂಡಿದ್ದ ಆ ಶಕ್ತಿ ಇಪ್ಪತ್ತರ ಮಟ್ಟಕ್ಕೇ ವಾಪಸ್ ಬಂತು. ನಾನು ಇದನ್ನ ಫೋನಲ್ಲಿ ಎರಡು ಸಲ ಓದಿ ನಿಮ್ಮಮ್ಮನಿಗೂ ಓದಿ ಹೇಳಿದೆ. "ಹಾಗಾದ್ರೆ ನಾಳೆಯಿಂದ ಹಾಲು ನೀವೇ ತನ್ನಿ" ಅಂದ್ಳು.

ಈಗ ನಿನ್ನ ವಿಷಯ. ನಿನಗೆ 42. ಬೆಳಿಗ್ಗೆ ಒಂಬತ್ತಕ್ಕೆ ಕೂತವಳು ರಾತ್ರಿ ಎಂಟಕ್ಕೆ ಏಳ್ತೀಯ. ಶುಗರ್ ಗಡಿಯಲ್ಲಿದೆ ಅಂತ ಅಳಿಯಂದಿರು ಬಾಯಿಬಿಟ್ರು, ಅವರ ಮೇಲೆ ಕೋಪ ಮಾಡ್ಕೋಬೇಡ. ನನ್ನ ಜೊತೆ ಹದಿನಾಲ್ಕು ವರ್ಷ ಡ್ರೈವರ್ ಆಗಿದ್ದ ಗೆಳೆಯನಿಗೂ ಶುಗರ್. ಅನ್ನ ಬಿಟ್ಟ, ಹಾಸನದವನಾಗಿ ಆಲೂಗಡ್ಡೆನೂ ಬಿಟ್ಟ, ಆದ್ರೆ ಊಟ ಆದ ಕೂಡಲೇ ದಿವಾನ್ ಮೇಲೆ ಒರಗೋದು ಬಿಡಲಿಲ್ಲ. ಊಟದ ಸಕ್ಕರೆಯ ದೊಡ್ಡ ಪಾಲನ್ನ ಒಳಗೆ ತಗೊಳ್ಳೋದು ಸ್ನಾಯು. ಸ್ನಾಯು ಕೆಲಸ ಮಾಡ್ತಿದ್ರೆ ಇನ್ಸುಲಿನ್ ಚೀಟಿ ಇಲ್ದೆಯೂ ಬಾಗಿಲು ತೆಗೆದು ಸಕ್ಕರೆ ಎಳ್ಕೊಳ್ಳುತ್ತೆ. ಅದಕ್ಕೇ ಊಟವಾದ ಮೇಲಿನ ಹದಿನೈದು ನಿಮಿಷದ ನಡಿಗೆ. ಈಗ ಅವನನ್ನ ರಾತ್ರಿ ಮಹಾರಾಜ ಪಾರ್ಕ್ ಸುತ್ತ ಎಳ್ಕೊಂಡು ಹೋಗ್ತೀನಿ. ಮಂಡಿ ನೋವು ಅಂತಾನೆ. ಮಂಡಿಯ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ, ಒತ್ತಿ ಬಿಟ್ಟಾಗ ಸ್ಪಂಜಿನ ಥರ ಕೀಲಿನ ನೀರು ಹೀರಿಯೇ ಅದು ಬದುಕಬೇಕು ಅಂತ ಹೇಳಿದೆ. "ನೀನ್ಯಾವಾಗ ಡಾಕ್ಟರಾದೆ" ಅಂತಾನೆ, ಆದ್ರೂ ಬರ್ತಾನೆ.

ಇನ್ನೊಂದನ್ನ ನಿಮ್ಮಮ್ಮನೇ ಬರೀಬೇಕಿತ್ತು, ನನಗೆ ಬರೆಯೋಕೆ ಮುಜುಗರ. ಅವಳು ಹೋದ ವರ್ಷ ಬಟ್ಟೆ ಒಗೆಯೋ ಕಲ್ಲಿನ ಹತ್ರ ಜಾರಿದ್ದಕ್ಕೇ ಮಣಿಕಟ್ಟು ಮುರೀತಲ್ಲ, ಆಗ ಮೂಳೆ ಎಷ್ಟು ಗಟ್ಟಿ ಅಂತ ನೋಡೋ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ವಿ. ಮೈನಸ್ 2.7 ಬಂತು. ಮೈನಸ್ 2.5ಕ್ಕೆ ಇಳಿದ್ರೇ ಮೂಳೆ ಟೊಳ್ಳು ಅಂತ ಅರ್ಥ. ಮೂಳೆ ಅಂದ್ರೆ ಘಾಟಿ ರಸ್ತೆ ಇದ್ದ ಹಾಗೆ, ಯಾವತ್ತೂ ಕೆಲಸ ನಡೀತಾನೇ ಇರುತ್ತೆ. ಒಂದು ಗ್ಯಾಂಗ್ ಹಳೇದನ್ನ ಅಗೀತಾ ಹೋಗುತ್ತೆ, ಹಿಂದೆ ಇನ್ನೊಂದು ಗ್ಯಾಂಗ್ ತುಂಬ್ತಾ ಬರುತ್ತೆ. ಅಗೆಯೋರನ್ನ ಹದ್ದುಬಸ್ತಿನಲ್ಲಿಡೋದು ಹೆಂಗಸರ ಈಸ್ಟ್ರೋಜನ್ ಅನ್ನೋ ಹಾರ್ಮೋನು. ಮುಟ್ಟು ನಿಂತ ಮೇಲೆ ಆ ಮೇಸ್ತ್ರಿ ಇಲ್ಲ, ಅಗೆತ ಮುಂದೆ ಓಡುತ್ತೆ, ತುಂಬೋರು ಹಿಂದೆ ಬೀಳ್ತಾರೆ. ನಿನಗಿನ್ನೂ ಸಮಯ ಇದೆ. ರಾಗಿ ಬಿಡಬೇಡ, ನೂರು ಗ್ರಾಮಿನಲ್ಲಿ ಮುನ್ನೂರು ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಅದರ ಜೊತೆ ಹುರುಳಿಕಾಳೋ ಮೊಟ್ಟೆಯೋ ಇರಲಿ, ಬಿಸಿಲಿಗೂ ಮೈ ಒಡ್ಡು. ಆದ್ರೆ ಬರೀ ತಿಂದ್ರೆ ಸಾಲದು, ಭಾರ ಬೀಳೋ ಕಡೆಗೇ ತುಂಬೋ ಗ್ಯಾಂಗ್ ಬರೋದು. ಮನೆಗೆ ತರಿಸಿದ ಆ ಡಂಬ್‌ಬೆಲ್ ಬಾಗಿಲಿಗೆ ಆಸರೆ ಕೊಡೋಕಲ್ಲ ಪುಟ್ಟೀ.

ಆದ್ದರಿಂದ ಮಂಚ ಮಹಡಿಯಲ್ಲೇ ಇರಲಿ. ಆ ದುಡ್ಡಲ್ಲಿ ಮೆಟ್ಟಿಲ ಎರಡೂ ಬದಿಗೆ ಕಂಬಿ ಹಾಕಿಸು, ಈಗ ಹಿಡಿಯೋಕೆ ನನಗೆ ನಾಚಿಕೆ ಇಲ್ಲ. ಮಹಡಿಯ ಬಚ್ಚಲಿಗೂ ಓಣಿಗೂ ರಾತ್ರಿ ಪೂರ್ತಿ ಉರಿಯೋ ಸಣ್ಣ ಲೈಟ್ ಬೇಕು. ಕಮೋಡ್ ಹಾಕಿಸು, ನಿಮ್ಮಮ್ಮನ ಮಂಡಿಗೆ ಅದು ಬೇಕೇ ಬೇಕು, ಅವಳಿಗೆ ನನ್ನ ಶಾಸ್ತ್ರ ಹೇರಲ್ಲ. ನಾನು ಮಾತ್ರ ನೆಲದ ಮೇಲೆ ಚಕ್ಕಳಮಕ್ಕಳ ಹಾಕೇ ಉಣ್ತೀನಿ. ರಾತ್ರಿ ಎದ್ದಾಗ ಮಂಚದ ಅಂಚಿಗೆ ಕೂತು ಪಾದ ಹತ್ತು ಸಲ ಮೇಲೆ ಕೆಳಗೆ ಆಡಿಸಿ ಆಮೇಲೆ ನಿಲ್ತೀನಿ, ನಿಮ್ಮಮ್ಮ ಕತ್ತಲಲ್ಲೇ "ರೈಟ್ ರೈಟ್" ಅಂತಾಳೆ. ಒಂಟಿಕಾಲು ನಿನ್ನೆ ಹತ್ತು ಸೆಕೆಂಡಿಗೆ ಬಂತು, ಗೋಡೆ ಪಕ್ಕದಲ್ಲೇ.

ಸಂಕ್ರಾಂತಿಗೆ ಬಂದಾಗ ಶ್ರವಣಬೆಳಗೊಳಕ್ಕೆ ಹೋಗೋಣ ಅಂತಿದ್ದೀನಿ. ದೊಡ್ಡಬೆಟ್ಟಕ್ಕೆ ಆರುನೂರು ಚಿಲ್ಲರೆ ಮೆಟ್ಟಿಲು, ಲಂಡನ್ ಕಂಡಕ್ಟರ್‌ಗಳ ಒಂದು ದಿನದ ಡ್ಯೂಟಿ. ಅರ್ಧಕ್ಕೆ ಸುಸ್ತಾದ್ರೆ ಕೂತು ಏಳೋಣ, ನನಗೆ ಡೋಲಿ ಗೀಲಿ ಮಾತಾಡಿ ಇಡಬೇಡ. ಮಗೂಗೆ ಹೊಸ ಶೂ ತೆಗೆಯೋಕೂ ಹೋಗಬೇಡ, ಕೆಳಗೇ ಬಿಟ್ಟು ಬರಿಗಾಲಲ್ಲಿ ಹತ್ತಬೇಕು.

ಸೊಗಡಿನ ಅವರೆ ಇನ್ನೂ ಬಂದಿಲ್ಲ. ಹೊಸ ರಾಗಿಹಿಟ್ಟು ಐದು ಕೆಜಿ, ಹುರುಳಿಕಾಳು ಎರಡು ಕೆಜಿ ನಾಳೆ ಬೆಳಗಿನ ಆರೂವರೆ ಬಸ್ಸಿಗೆ ಹಾಕಿಸ್ತೀನಿ. ಬಸ್ ನಂಬರ್ ಮೆಸೇಜ್ ಮಾಡ್ತೀನಿ, ಅಳಿಯಂದಿರನ್ನ ಕಳಿಸಬೇಡ, ನೀನೇ ನಡ್ಕೊಂಡು ಹೋಗಿ ಇಳಿಸ್ಕೋ.

ನಿನ್ನ
ಅಪ್ಪ