ಯಾರ ಪೈಕಿ ಅಂತ ಕೇಳು

ವಿಜಯಪುರ

ಚಿ. ತಂಗೆವ್ವಳಿಗೆ ನಿನ್ನ ಸೋದರಮಾವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಬಾಗಲಕೋಟೆಯಲ್ಲಿ ನೀನು ಒಂದೇ ಭಾನುವಾರ ಮೊಬೈಲಿನಲ್ಲಿ 40 ಗಿಡಗಳ ಹೆಸರು ಹುಡುಕಿದೆ ಅಂತ ನಿಮ್ಮವ್ವ ಹೇಳಿದಳು. ಖುಷಿಯಾಯಿತು. ಆದರೆ ಮೊದಲು ನನ್ನ ಕತೆ ಕೇಳು.

ಹೋದ ವರ್ಷ ಕುಂಡದಲ್ಲಿ ತಾನಾಗೇ ಒಂದು ಸಸಿ ಎದ್ದಿತ್ತು. ಫೋಟೊ ಹೊಡೆದು ಯಾವುದೋ ಆ್ಯಪಿಗೆ ಕೇಳಿದೆ. ಸೇವಂತಿಗೆ ಅಂದಿತು. ತಿಂಗಳ ಮೇಲೆ ನೀರು, ಗೊಬ್ಬರ ಹಾಕಿ ಸಾಕಿದೆ. ಸಣ್ಣ ಸಣ್ಣ ಬಿಳಿ ಹೂ ಬಂದವು. ನಿಮ್ಮತ್ತೆ ನೋಡಿ, "ರೀ, ಕಾಂಗ್ರೆಸ್ ಕಸಕ್ಕೆ ಗೊಬ್ಬರ ಹಾಕೀರಲ್ರೀ!" ಅಂತ ಬಿದ್ದು ಬಿದ್ದು ನಕ್ಕಳು. ಓಣಿಗೆಲ್ಲ ಸುದ್ದಿಯಾಯಿತು. ಕಿತ್ತ ಮೇಲೆ ಕೈ ತುರಿಕೆ ಬೇರೆ.

ಆದರೆ ಆ್ಯಪನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಸೇವಂತಿಗೆ, ಕಾಂಗ್ರೆಸ್ ಕಸ, ಚೆಂಡುಹೂ, ಸೂರ್ಯಕಾಂತಿ ಎಲ್ಲ ಒಂದೇ ಮನೆತನ. ಸೂರ್ಯಕಾಂತಿಯ ಒಂದು ಹೂ ಅಂತೀವಲ್ಲ, ಅದು ನೂರಾರು ಹೂಗಳ ಗುಂಪು. ನಡುವಿನ ಸಣ್ಣ ಹೂಗಳೇ ಒಂದೊಂದು ಕಾಳಾಗುವುದು.

ಮನೆಗೆ ಹೊಸಬರು ಬಂದರೆ ನಾವು ಬರೀ ಹೆಸರು ಕೇಳಿ ಬಿಡುತ್ತೇವಾ? ಯಾವೂರು, ಯಾರ ಪೈಕಿ ಅಂತ ಕೆದಕುತ್ತೇವೆ. ಗಿಡಕ್ಕೂ ಹಾಗೇ ಕೇಳು. ನಮ್ಮ ಯೋಗಾಪುರದ ಬಾವೊಬಾಬ್ ಮರ ನೋಡಿದ್ದೀಯಲ್ಲ, ಆನೆ ಹೊಟ್ಟೆಯಂಥ ಕಾಂಡದ್ದು? ಸವಣೂರಿನ ಕಡೆ ಅಂಥ ಮರಕ್ಕೆ ದೊಡ್ಡ ಹುಣಸೆ ಅಂತಾರೆ. ಹಣ್ಣು ಹುಳಿ ಇರುವುದಕ್ಕೆ ಇರಬೇಕು. ಆದರೆ ಅದು ಹುಣಸೆಯ ಪೈಕಿ ಅಲ್ಲವೇ ಅಲ್ಲ, ಹತ್ತಿ, ಬೆಂಡೆಯ ಪೈಕಿ. ಹುಣಸೆ ನಮ್ಮ ತೊಗರಿ, ಕಡಲೆಯ ಪೈಕಿ. ಇಬ್ಬರ ತವರು ಮಾತ್ರ ಆಫ್ರಿಕಾ!

ಇನ್ನು ಮೇಲೆ ಎಲೆಯೊಂದರದೇ ಫೋಟೊ ಹೊಡೆಯಬೇಡ. ಎಲೆಯ ಹಿಂಬದಿ, ಹೂ, ಕಾಯಿ, ತೊಗಟೆ, ಇಡೀ ಗಿಡ, ಎಲ್ಲ ಇರಲಿ. ಐನ್ಯಾಚುರಲಿಸ್ಟ್ ಅಂತ ಒಂದು ಆ್ಯಪಿದೆ, ಅದಕ್ಕೆ ಹಾಕಿದರೆ ಗಿಡ ಬಲ್ಲವರು ನೋಡಿ ತಿದ್ದುತ್ತಾರೆ. ನನಗೆ ಅದೇ ಜಾಸ್ತಿ ಇಷ್ಟ. ಮನೆ ಹತ್ತಿರದ ಫೋಟೊ ಆದರೆ ಜಾಗ ಕಾಣದಂತೆ ಮಾಡುವುದನ್ನು ಮರೆಯಬೇಡ.

ಮೊಬೈಲಿನಲ್ಲಿ ತಾಸುಗಟ್ಟಲೆ ನಡೆದದ್ದನ್ನು ಚಿಟಿಕೆಯಲ್ಲಿ ಓಡಿಸಿ ತೋರಿಸುವ ಟೈಮ್‌ಲ್ಯಾಪ್ಸ್ ಇದೆ, ಅದನ್ನು ಯಾಕೆ ಬಳಸುವುದಿಲ್ಲ? ಸೂರ್ಯಕಾಂತಿ ಮೊಗ್ಗಿದ್ದಾಗ ಒಂದು ದಿನ ಹೊಲದಲ್ಲಿ ಇಡು. ಬೆಳಿಗ್ಗೆ ಪೂರ್ವಕ್ಕಿದ್ದ ತಲೆ ಸಂಜೆಗೆ ಪಶ್ಚಿಮಕ್ಕೆ ವಾಲಿರುತ್ತದೆ. ಹಗಲು ಕಾಂಡದ ಪೂರ್ವದ ಮಗ್ಗುಲು ಜಾಸ್ತಿ ಬೆಳೆಯುತ್ತದೆ, ಅದಕ್ಕೇ. ರಾತ್ರಿ ಪಶ್ಚಿಮದ ಮಗ್ಗುಲು ಬೆಳೆದು ತಲೆ ಮತ್ತೆ ಪೂರ್ವಕ್ಕೆ ಬರುತ್ತದೆ. ಪೂರ್ತಿ ಅರಳಿದ ಮೇಲೆ ಈ ಆಟ ಮುಗಿಯಿತು. ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಅರಳಿದ ಹೂವೂ ಸೂರ್ಯನ ಹಿಂದೆಯೇ ತಿರುಗುತ್ತದೆ ಅಂತ ನಾನೂ ಐವತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದವನೇ. ಹೊಲದಲ್ಲಿ ದಿನಾ ಕಂಡರೂ ಸಂಜೆ ಒಮ್ಮೆ ನಿಂತು ನೋಡಿರಲಿಲ್ಲ.

ದೀಪಾವಳಿ ರಜೆಗೆ ಬಾ. ನಮ್ಮ ಹಿತ್ತಲಿನ ಹುಣಸೆ ಸಂಜೆ ಎಲೆ ಮಡಚುತ್ತದೆ, ಅದನ್ನು ಹಿಡಿಯೋಣ. ಚಾರ್ಜರ್ ತಗೊಂಡು ಬಾ, ನಿನ್ನದಲ್ಲ, ಹೋದ ಸಲ ಒಯ್ದೆಯಲ್ಲ, ನನ್ನದು.

ನಿನ್ನ ಮಾವ