ದಾರಿಯಲ್ಲೇ ಉಸಿರು ನಿಲ್ಲದಿರಲಿ

ಮಸ್ಕಿ, ದೇವದುರ್ಗದಂತಹ ಕಡೆ ದಿನ ತುಂಬುವ ಮುನ್ನವೇ ಹುಟ್ಟಿ ಉಸಿರಾಟಕ್ಕೆ ಪರದಾಡುವ ಶಿಶುಗಳಿಗೆ ರಾಯಚೂರು ಮುಟ್ಟುವವರೆಗಿನ ಹೊತ್ತೇ ಕಂಟಕಪ್ರಾಯವಾದುದು. 34 ವಾರಗಳಿಗಿಂತ ಮೊದಲು ಜನಿಸಿದ ಅನೇಕ ಶಿಶುಗಳಲ್ಲಿ, ಶ್ವಾಸಕೋಶದ ಗಾಳಿಚೀಲಗಳು ಮುದುಡದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ದ್ರವ್ಯ ಸಾಕಷ್ಟಿರುವುದಿಲ್ಲ. ಮೂಗಿನ ಮೂಲಕ ನಿರಂತರ ಒತ್ತಡದಲ್ಲಿ ಗಾಳಿ ಕೊಡುವ ಬಬಲ್ ಸಿ-ಪ್ಯಾಪ್ ಸಾಧನವನ್ನು ಬೇಗನೆ ಅಳವಡಿಸಿದರೆ ಹಲವು ಶಿಶುಗಳಿಗೆ ವೆಂಟಿಲೇಟರ್ ಬೇಕಾಗುವುದೇ ಇಲ್ಲ. ವೆಂಟಿಲೇಟರ್ ಜೀವ ಉಳಿಸುತ್ತದೆ ನಿಜ, ಆದರೆ ಬಹುದಿನ ಮುಂದುವರಿದರೆ ಎಳೆಯ ಶ್ವಾಸಕೋಶಕ್ಕೆ ದೀರ್ಘಕಾಲದ ಹಾನಿಯಾಗಬಹುದು. ನೀರಿನಲ್ಲಿ ಮುಳುಗಿಸಿದ ಕೊಳವೆಯ ಆಳವೇ ಒತ್ತಡವನ್ನು ನಿರ್ಧರಿಸುವಷ್ಟು ಸರಳವಾದ ಈ ಸಾಧನವೂ, ಬಳಸಬಲ್ಲವರಿಲ್ಲದಿದ್ದರೆ ಮೂಲೆ ಸೇರುತ್ತದೆ. ಆದ್ದರಿಂದ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯು ತನ್ನ ಅನುದಾನದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಆಂಬುಲೆನ್ಸ್‌ಗಳಿಗೂ ಸಿ-ಪ್ಯಾಪ್ ಒದಗಿಸಿ, ಅದಕ್ಕೂ ಮೊದಲು ಶುಶ್ರೂಷಕಿಯರಿಗೆ ತರಬೇತಿ ಕೊಡಿಸಬೇಕು.

– ಓರ್ವ ಓದುಗ, ಮಸ್ಕಿ